ಉಯ್ಯಾಲೆಯ ಮೇಲೆ ಕೂತ ಸಾಕ್ಷಿ

ಸ್ಯಾಟಲೈಟ್

…ಅಥವಾ ಬಾಗಿಲು ತೆಗೆದಾಗ ಆಕೆಯ ಕೈಯಲ್ಲಿದ್ದುದು ಪೊರಕೆಯೇ ಇರಬಹುದು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಛತ್ರಿ ಎಂದಿದೆ. ಆದರೆ ಆ ಟಿಪ್ಪಣಿ ಬರೆದದ್ದು ಮೂರು ದಿನದ ಮೇಲೆ, ಸೂರತ್ತಿನಿಂದ ಹಿಂದಿರುಗುವ ರೈಲಿನಲ್ಲಿ. ಜನವರಿಯ ಅಹಮದಾಬಾದಿನಲ್ಲಿ, ಸ್ಯಾಟಲೈಟ್ ಬಡಾವಣೆಯ ಐದನೇ ಮಹಡಿಯ ಮನೆಯೊಳಗೆ, ಛತ್ರಿ ಹಿಡಿದು ಯಾರು ನಿಲ್ಲುತ್ತಾರೆ? ಉದ್ದನೆಯದೇನೋ ಇತ್ತು. ಅದನ್ನು ನಮ್ಮ ಧ್ವನಿಮುದ್ರಕ ನಾಗರಾಜನ ಕಡೆಗೆ ತೋರಿಸಿ ಆಕೆ ಕೇಳಿದರು:

"ಇವರ ಕೈಯಾಗಿಂದು ಏನ್ರಿ ಅದು ಕೋಲು?"

"ಮೈಕು, ಅಮ್ಮ."

"ಅದಕ್ಯಾಕ ಬೆಕ್ಕಿನ ತೊಗಲು ಸುತ್ತೀರಿ?"

ಗಾಳಿಯ ಸದ್ದು ತಡೆಯುವುದಕ್ಕೆ ಎಂದು ನಾಗರಾಜ ವಿವರಿಸಿದ. ಆ ತುಪ್ಪಳಕ್ಕೆ ಸಂಕ್ರಾಂತಿ ಮುಗಿದ ಮೇಲೂ ಊರಿನ ಮರಗಳಿಂದ ಜೋತಾಡುತ್ತಿದ್ದ ಗಾಳಿಪಟದ ದಾರ ಸಿಕ್ಕಿಕೊಂಡಿತ್ತು. ಆಕೆ ಅದನ್ನು ಬಿಡಿಸುತ್ತ ಬಿಡಿಸುತ್ತಲೇ ನಮ್ಮನ್ನು ಒಳಗೆ ಕರೆದುಕೊಂಡರು.

ಆಕೆ ಸುಮಿತ್ರಾಬಾಯಿ. ಧಾರವಾಡದವರು. ವಯಸ್ಸು ಎಪ್ಪತ್ತು ದಾಟಿದೆ. ಅದರಲ್ಲಿ ಐವತ್ತು ವರ್ಷ ಗುಜರಾತಿನಲ್ಲಿ. ಗಂಡ ವಾಮನರಾವ್ ರೈಲ್ವೆ ಪಾರ್ಸೆಲ್ ಕಚೇರಿಯಲ್ಲಿ ಗುಮಾಸ್ತರಾಗಿದ್ದರು, ತೀರಿಕೊಂಡು ಬಹಳ ಕಾಲವಾಯಿತು. ಮಗ ಇಲ್ಲೇ ಒಂದು ಕೇಂದ್ರ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿದ್ದಾನೆ. ನಾನು ಸಾಕ್ಷ್ಯಚಿತ್ರ ಮಾಡುವವಳು. ತುರ್ತುಪರಿಸ್ಥಿತಿಯ ಕಾಲದಲ್ಲಿ ಕದ್ದುಮುಚ್ಚಿ ಪತ್ರಿಕೆ ನಡೆಸಿದವರ ಬಗ್ಗೆ ಒಂದು ಚಿತ್ರ ತೆಗೆಯುತ್ತಿದ್ದೆ. ಮೊದಲ ಕೆಲವು ತಿಂಗಳು ಗುಜರಾತಿನಲ್ಲಿ ಬೇರೆ ಪಕ್ಷದ ಸರ್ಕಾರವಿತ್ತು, ಅಷ್ಟಿಷ್ಟು ಉಸಿರಾಡಬಹುದಿತ್ತು. ಆಮೇಲೆ ಅದೂ ಹೋಯಿತು. ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ "ಯಾರಿಗಾದರೂ ನೆನಪಿದೆಯೇ?" ಎಂದು ಕೇಳಿದ್ದೆ. ಉತ್ತರವಾಗಿ ಮೂವತ್ತು ಶುಭೋದಯಗಳು, ಒಂದು ಚಕ್ಕುಲಿ ವಿಧಾನ, ಮತ್ತು ಸುಮಿತ್ರಾಬಾಯಿಯ ಧ್ವನಿ ಸಂದೇಶ ಬಂದವು: "ನಾ ಟೈಪ್ ಮಾಡಿಕೊಡ್ತಿದ್ದೆ. ಬರೋದಾದ್ರ ಲಗೂನ ಬರ್ರಿ."

ಕ್ಯಾಮೆರಾ ಇಟ್ಟೆವು. ಆಕೆ ಸೀರೆಯ ಸೆರಗು ಸರಿಮಾಡಿಕೊಂಡು ಶುರು ಮಾಡಿದರು.

"ಸ್ಟೆನ್ಸಿಲ್ ಕಾಗದ ಅಂತ ಇರ್ತಿತ್ತು. ಟೈಪ್‌ರೈಟರಿನ ರಿಬ್ಬನ್ ತಗದು ಬರೇ ಅಚ್ಚಿಲೇ ಬಡೀಬೇಕು. ಏನು ಬಡದೇನಿ ಅಂತ ಕಣ್ಣಿಗೆ ಛಂದಾಗಿ ಕಾಣಂಗಿಲ್ಲ. ರೈಲ್ವೇ ಕ್ವಾರ್ಟರ್ಸ್‌ದಾಗ ಇದ್ವಿ, ಗ್ವಾಡಿ ಹಚ್ಚಿ ಮನಿ. ಟಕಟಕ ಅನ್ನೋದು ಎಲ್ಲಾರಿಗೂ ಕೇಳತದ. ಟೈಪಿಂಗ್ ಪರೀಕ್ಷಾಕ್ಕ ಕೂಡ್ತೀನಿ ಅಂತ ಹೇಳಿದೆ."

"ನಂಬಿದರಾ?"

"ನಂಬಿದ್ರು. ಆದ್ರ ಒಂದು ವರ್ಷ ಹಗಲೆಲ್ಲಾ ಬಡದೂ ಪಾಸಾಗವಲ್ಲಳು ಅಂತ ಲೈನ್ ತುಂಬ ನಾ ದಡ್ಡಿ ಅಂತ ಹೆಸರಾತು. ಇಂದಿಗೂ ಆ ಬಾಜೂ ಮನೀಯಾಕಿ ಮದುವಿಗೆ ಸಿಕ್ರ ಕೇಳ್ತಾಳ, ಆಮ್ಯಾಲೆ ಪಾಸಾದೇನs ಅಂತ."

ಆಕೆ ಟೈಪಿಸಿದ ಸ್ಟೆನ್ಸಿಲ್‌ಗಳನ್ನು ವಾಮನರಾವ್ ಒಂದು ಅಗಲ ಡಬ್ಬಿಯ ತಳದಲ್ಲಿಟ್ಟು, ಮೇಲೆ ಖಾಖ್ರಾ ಜೋಡಿಸಿ — ಹಪ್ಪಳದಂಥ ಗರಿಗರಿ ಗೋಧಿ ರೊಟ್ಟಿ, ಗುಜರಾತಿಗಳು ಅದಿಲ್ಲದೆ ಊರು ದಾಟುವುದಿಲ್ಲ — ವಡೋದರಾದ ರೈಲಿಗೆ ಹಾಕುತ್ತಿದ್ದರು. ಅಲ್ಲಿ ಯಾರೋ ಇಳಿಸಿಕೊಂಡು ಸೈಕ್ಲೋಸ್ಟೈಲ್ ಯಂತ್ರದಲ್ಲಿ ನೂರಾರು ಪ್ರತಿ ತೆಗೆಯುತ್ತಿದ್ದರು. ಅಲ್ಲಿಂದ ಮುಂದಿನದು ಆಕೆಗೆ ಗೊತ್ತಿಲ್ಲ. ಪ್ರತಿಯೊಬ್ಬರಿಗೂ ಗೊತ್ತಿರಬೇಕಾದದ್ದು ಇಬ್ಬರೇ: ತನಗೆ ಕೊಟ್ಟವರು, ತಾನು ಕೊಟ್ಟವರು. ಹೆಸರು ಕೇಳುವಂತಿಲ್ಲ.

"ಒಂದು ಸೋಮವಾರ ನಮ್ಮವರನ್ನ ಒಯ್ದರು," ಎಂದರು. ದನಿ ಏನೂ ಬದಲಾಗಲಿಲ್ಲ. "ಬುಧವಾರ ವಡೋದರಾದ ಆ ಮನೀಗೆ ಪೊಲೀಸರು ಹೋದ್ರು. ಮಷೀನೂ ಹೋತು, ಮಂದೀನೂ ಹೋದ್ರು. ನಮ್ಮವರನ್ನ ಹನ್ನೊಂದನೇ ದಿನ ಬಿಟ್ಟರು."

"ಬಂದು ಏನು ಹೇಳಿದರು?"

"ಊಟಕ್ಕ ಏನದ ಅಂದ್ರು."

ಅಷ್ಟೇ. ಆಮೇಲೆ ಇವರ ಮನೆಗೆ ಟೈಪಿಸಲು ಬರಹ ತಂದುಕೊಡುತ್ತಿದ್ದವನು ಮತ್ತೆ ಬರಲಿಲ್ಲ. ಮಾರುಕಟ್ಟೆಯಲ್ಲಿ ಎದುರಾದರೆ ರಸ್ತೆಯ ಆಚೆ ಬದಿಗೆ ಹೋದ. ತುರ್ತುಪರಿಸ್ಥಿತಿ ಮುಗಿಯಿತು, ಜನ ಹಾರ ಹಾಕಿಸಿಕೊಂಡರು, ಈ ಮನೆಯ ಬಾಗಿಲನ್ನು ಯಾರೂ ತಟ್ಟಲಿಲ್ಲ. ವಾಮನರಾವ್ ಆ ಮಾತನ್ನೇ ಎತ್ತದೆ ಸತ್ತರು.

"ಅವರು ಹೇಳಿಬಿಟ್ರೋ ಏನು ಅಂತ ನಾ ಕೇಳಲಿಲ್ಲ. ಕೇಳಿದ್ರ ಹೇಳಿಬಿಡ್ತಾರ ಅಂತ ಅಂಜಿಕಿ. ನೀವು ವಡೋದರಾಕ್ಕ ಹೊಂಟೀರಿ. ಕೇಳ್ಕೊಂಡು ಬರ್ರಿ. ಹೇಳ್ಯಾರಂದ್ರ ಹೇಳ್ಯಾರ, ಇಲ್ಲಂದ್ರ ಇಲ್ಲ. ನಾ ಹೋಗೋದ್ರೊಳಗ ತಿಳೀಬೇಕು ನೋಡ್ರಿ."

ಮೊಮ್ಮಗಳು ಮಾನಸಿ, ವಾಸ್ತುಶಿಲ್ಪ ಓದುವವಳು, ಪಕ್ಕದಲ್ಲೇ ಕೂತು ಗುಜರಾತಿ, ಹಿಂದಿಯಲ್ಲಿ ಯೋಚಿಸಿ ಕನ್ನಡದಲ್ಲಿ ಹೇಳಿದಳು: "ಅಜ್ಜಿ ನಮಗೆ ಕಭೀ ಇದು ಬೋಲೇ ಇಲ್ಲ."

ಸ್ಯಾಟಲೈಟ್, ಅದೇ ಸಂಜೆ

ಆ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನಲ್ಲಿ ಕಾವಲುಗಾರನ ಪುಸ್ತಕವಿತ್ತು. 'ಭೇಟಿಯ ಕಾರಣ' ಎಂಬ ಕಡೆ ಎಲ್ಲರೂ 'ಸ್ವಂತ' ಎಂದು ಬರೆದಿದ್ದರು. ನಾಗರಾಜ ತುಮಕೂರಿನ ಶಿಸ್ತಿನ ಮನುಷ್ಯ. ಚಿತ್ರದ ಪೂರ್ತಿ ವಿಷಯವನ್ನು ಮೂರು ಸಾಲು ಬರೆದ. ಸಂಜೆಗೆ ಅದನ್ನೋದಿದ ಮೂವರು ಹಿರಿಯರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ತಾವೂ ಭೂಗತರಾಗಿದ್ದೆವು ಎಂದರು. ಒಬ್ಬರ ವಯಸ್ಸು ಕೂಡಿ ಕಳೆದು ನೋಡಿದರೆ ಆಗ ಎರಡನೇ ತರಗತಿ.

"ಗುಟ್ಟು ಅಂದ್ರೆ ಗುಟ್ಟು ಮೇಡಂ," ಎಂದ ನಾಗರಾಜ. "ಅವರಿಗೇ ಗೊತ್ತಿರಲಿಲ್ಲ."

ವಡೋದರಾ

ಆ ವಡೋದರಾದ ಮನೆ ಮಹೇಂದ್ರಭಾಯ್ ಅವರದು. ನಿವೃತ್ತ ಅಧ್ಯಾಪಕರು. ಆರೇಳು ತಿಂಗಳು ಸೆರೆಯಲ್ಲಿದ್ದು ಬಂದವರಾದ್ದರಿಂದ ಅವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಊರಿಗೆಲ್ಲ ಗೊತ್ತು. ನಮ್ಮ ಕಡೆಯ ಹಳೆಯ ಹೋರಾಟಗಾರರು ಕ್ಯಾಮೆರಾ ಕಂಡರೆ ಶಾಲು ಹೊದೆಯುತ್ತಾರೆ; ಇವರು ತಿಂಡಿ ತರಿಸಿದರು. ನಾಲ್ಕು ಬಗೆ ಮುಗಿಯುವವರೆಗೆ ಚರಿತ್ರೆ ಆರಂಭವಾಗುವಂತಿರಲಿಲ್ಲ.

ಆಮೇಲೆ ಅವರು ಉಯ್ಯಾಲೆಯ ಮೇಲೆ ಕೂತರು. ಗುಜರಾತಿನ ನಡುಮನೆಗಳಲ್ಲಿ ನಾಲ್ಕು ಸರಪಳಿಯಿಂದ ತೂಗುಬಿಟ್ಟ ಮರದ ಹಲಗೆ ಇರುತ್ತದೆ. ಹಿಂಚ್ಕೊ ಎನ್ನುತ್ತಾರೆ. ನಮ್ಮಲ್ಲಿ ಅದು ಮಕ್ಕಳಿಗೆ, ಬಸುರಿಯರಿಗೆ, ದೇವರಿಗೆ. ಇಲ್ಲಿ ಮನೆಯ ಯಜಮಾನ ಅದರ ಮೇಲೆ ಕೂತು ಪೇಪರು ಓದುತ್ತಾನೆ, ಸಂಬಂಧ ಕುದುರಿಸುತ್ತಾನೆ, ಸಿಟ್ಟಾಗುತ್ತಾನೆ. ಮಹೇಂದ್ರಭಾಯ್ ಕಾಲ ಬೆರಳಿನಿಂದ ನೆಲವನ್ನು ಒಮ್ಮೆ ತಳ್ಳಿ ಮಾತು ತೆಗೆದರು. ಮುಂದೆ ಬಂದಾಗ ಮುಖ ಸ್ಪಷ್ಟ, ಹಿಂದೆ ಹೋದಾಗ ಮಸುಕು. ಅವರ ಬಾಲ್ಯ ಸ್ಪಷ್ಟ, ತುರ್ತುಪರಿಸ್ಥಿತಿ ಮಸುಕು. ಸಾಲದ್ದಕ್ಕೆ ಪ್ರತಿ ತೂಗಿಗೂ ಕೊಂಡಿಯಿಂದ ಕೀಂ… ಕೀಂ… ಎಂಬ ಸದ್ದು.

"ಸ್ವಲ್ಪ ನಿಲ್ಲಿಸಿಕೊಂಡು ಮಾತಾಡಬಹುದಾ ಭಾಯ್?" ಎಂದೆ, ನನ್ನ ಹಿಂದಿಯಲ್ಲಿ. ಇಲ್ಲಿಂದ ಮುಂದೆ ನಮ್ಮ ಮಾತೆಲ್ಲ ಹಿಂದಿಯದು. ನಾನು ಕನ್ನಡದಲ್ಲಿ ಬರೆಯುತ್ತಿರುವುದರಿಂದ ಅರ್ಧ ನನ್ನದೇ.

"ಹಾಂ ಹಾಂ, ಯಾಕಿಲ್ಲ ಬೆನ್," ಎಂದು, ತಂಗಿಯನ್ನು ಕರೆಯುವ ಮಾತಿನಲ್ಲೇ ಕರೆದು, ಅವರು ನಿಲ್ಲಿಸಿದರು. ಎರಡು ನಿಮಿಷ ಸುಮ್ಮನೆ ಕೂತರು. ಮತ್ತೆ ಬೆರಳು ನೆಲ ತಳ್ಳಿತು. ಮಾತು ಬಂತು.

ಹನ್ನೊಂದು ಗಂಟೆಗೆ ಅವರು ಸ್ನಾನಕ್ಕೆ ಎದ್ದರು. ಆ ಹೊತ್ತಿನಲ್ಲಿ ನಾಗರಾಜ ಏನು ಮಾಡಿದನೆಂದು ನಾನು ನೋಡಲಿಲ್ಲ, ಬ್ಯಾಟರಿ ಬದಲಿಸುತ್ತಿದ್ದೆ. ಅವನು ತನ್ನ ಚೀಲದಲ್ಲಿ ತಲೆಗೆಂದು ಇಟ್ಟುಕೊಂಡಿದ್ದ ಕೊಬ್ಬರಿ ಎಣ್ಣೆಯನ್ನು ಕುರ್ಚಿ ಹತ್ತಿ ನಾಲ್ಕೂ ಕೊಂಡಿಗೆ ಬಿಟ್ಟ. ಒಳ್ಳೆಯ ಮನಸ್ಸಿನಿಂದಲೇ.

ಮಹೇಂದ್ರಭಾಯ್ ಬಂದು ಕೂತರು. ತಳ್ಳಿದರು. ಉಯ್ಯಾಲೆ ಹೋಯಿತು, ಬಂತು, ಸದ್ದಿಲ್ಲ. ಅವರು ಮೇಲೆ ನೋಡಿದರು. ಮತ್ತೆ ತಳ್ಳಿದರು.

"ಆ ಪಾರ್ಸೆಲ್ ಕಚೇರಿಯವರ ಬಗ್ಗೆ ಹೇಳುತ್ತಿದ್ದಿರಿ," ಎಂದು ನಾನು ನೆನಪಿಸಿದೆ.

"ಹೌದು. ಪಾರ್ಸೆಲ್. ಹಾಗೇ ಕರೆಯುತ್ತಿದ್ದೆವು…" ಎಂದರು. ಮಾತು ಬಿಟ್ಟು ಕೊಂಡಿಯ ಕಡೆ ನೋಡಿದರು. ಎಣ್ಣೆಯ ಒಂದು ಹನಿ ಅವರ ಬಿಳಿ ಜುಬ್ಬಾದ ಹೆಗಲಿಗೆ ಬಿತ್ತು.

ಅಡುಗೆಮನೆಯಿಂದ ಅವರ ಹೆಂಡತಿ ಕೋಕಿಲಾಬೆನ್ ಓಡಿ ಬಂದರು. "ಯಾಕೆ ಸದ್ದು ನಿಂತಿತು? ಏನಾಯಿತು ಇವರಿಗೆ?" ಸರಪಳಿ ಮುಟ್ಟಿ ನೋಡಿದರು, ಬೆರಳು ಮೂಸಿದರು. ನಾಗರಾಜನನ್ನು ನೋಡಿದರು. ಆಮೇಲೆ ಸೊಂಟಕ್ಕೆ ಕೈಯಿಟ್ಟು ನಗಲಿಕ್ಕೆ ತೊಡಗಿದರು. ಬಹಳ ಹೊತ್ತು ನಕ್ಕರು.

ಆ ಕಾಲದಲ್ಲಿ ಸೈಕ್ಲೋಸ್ಟೈಲ್ ಯಂತ್ರ ಒಳಕೋಣೆಯಲ್ಲಿತ್ತು. ಅದರ ಹಿಡಿಕೆ ತಿರುಗಿಸಿದರೆ ಧಡ್ ಧಡ್ ಎಂದು ಬೀದಿಗೆ ಕೇಳುತ್ತಿತ್ತು. ಗಂಡ ಒಳಗೆ ಹಿಡಿಕೆ ತಿರುಗಿಸುವಾಗ ಕೋಕಿಲಾಬೆನ್ ಈಚೆ ಉಯ್ಯಾಲೆಯ ಮೇಲೆ ಕೂತು, ಅದೇ ಲಯಕ್ಕೆ, ಜೋರಾಗಿ ತೂಗುತ್ತಿದ್ದರು. ನೆರೆಯವರಿಗೆ ಕೇಳುತ್ತಿದ್ದುದು ಎಣ್ಣೆ ಕಾಣದ ಒಂದು ಉಯ್ಯಾಲೆ ಮಾತ್ರ. "ಅಂದಿನಿಂದ ಎಣ್ಣೆ ಹಾಕಿಲ್ಲ. ನೀವು ಹಾಕಿದಿರಿ," ಎಂದರು.

ನಾಗರಾಜ ಮುಖ ಮುಚ್ಚಿಕೊಂಡ. "ಮೇಡಂ, ಐವತ್ತು ವರ್ಷದ ಸೌಂಡು ಮೇಡಂ. ನಾನೇ ಅಳಿಸಿಬಿಟ್ಟೆ."

ವಡೋದರಾ, ಅಡುಗೆಮನೆ

ಈ ಭಾಗಕ್ಕೆ ದಾಖಲೆಯಿಲ್ಲ. ನಾಗರಾಜ ಹಳೆಯ ಬನಿಯನ್ನಿನಿಂದ ಎಣ್ಣೆ ಒರೆಸುತ್ತಿದ್ದ. ಮಹೇಂದ್ರಭಾಯ್ ಅವನಿಗೆ ಎಲ್ಲಿ ಉಳಿದಿದೆ ಎಂದು ಕೋಲಿನಿಂದ ತೋರಿಸುತ್ತಿದ್ದರು. ನಾನು ಒಳಗೆ ಹೋಗಿ ಕೋಕಿಲಾಬೆನ್ ಅವರನ್ನು ನೇರವಾಗಿ ಕೇಳಿದೆ: ಪಾರ್ಸೆಲ್‌ನವರು ಬಾಯಿಬಿಟ್ಟರೇ?

"ಇವರನ್ನು ಕೇಳಿದರೆ ಪೊಲೀಸರು ಬಂದದ್ದು ಇವರ ಸಂಪಾದಕೀಯದಿಂದ," ಎಂದರು. ಕೊನೆಯ ಪುಟದ ಅರ್ಧ ಖಾಲಿ ಬಿಟ್ಟು ಸ್ಟೆನ್ಸಿಲ್ ಬರುತ್ತಿತ್ತಂತೆ. ಅಲ್ಲಿ ಮಹೇಂದ್ರಭಾಯ್ ಕೈಯಾರೆ ಕೊರೆದು ಬರೆಯುತ್ತಿದ್ದರು.

"ಅದೇ! ನನ್ನ ಶೈಲಿ!" ನಡುಮನೆಯಿಂದ ದನಿ. "ಒಂದು ವಾಕ್ಯ ಓದಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು, ಇದು ಮಹೇಂದ್ರ!"

"ಪೊಲೀಸರು ಅದನ್ನು ಕೊನೆಯ ಪುಟದವರೆಗೆ ಓದಿದರು ಅಂತ ನಿಮಗೆ ಯಾರು ಹೇಳಿದರು?" ಎಂದು ಕೋಕಿಲಾಬೆನ್ ಕೂಗಿ, ನನ್ನ ಕಡೆ ತಿರುಗಿದರು. ಪಾರ್ಸೆಲ್‌ನವರಿಗೆ ಈ ಮನೆ ಗೊತ್ತಿತ್ತು. ಒಮ್ಮೆ ಮಳೆಯಲ್ಲಿ ಡಬ್ಬಿ ಹೊತ್ತುಕೊಂಡು ತಾವೇ ಬಂದಿದ್ದರು, ಮಜ್ಜಿಗೆಯ ಕಢಿ ಎರಡು ಸಲ ಹಾಕಿಸಿಕೊಂಡಿದ್ದರು ಎಂದರು. ಮಹೇಂದ್ರಭಾಯ್ ಇದನ್ನು ಒಪ್ಪಲಿಲ್ಲ. ನಿಲ್ದಾಣದಲ್ಲಿ ಬಿಟ್ಟರೆ ಬೇರೆಲ್ಲೂ ಭೇಟಿಯೇ ಇಲ್ಲ, ಮನೆ ತೋರಿಸುವಷ್ಟು ಮೂರ್ಖ ನಾನಲ್ಲ ಎಂದರು. ಮನೆಗೆ ಬಾರದಿದ್ದರೆ ವಾಮನರಾವ್ ಪೊಲೀಸರಿಗೆ ಹೇಳುವುದಕ್ಕೆ ಏನೂ ಇರಲಿಲ್ಲ. ಬಂದಿದ್ದರೆ ಇತ್ತು. ನನ್ನ ಇಡೀ ಚಿತ್ರ ಒಂದು ಬಟ್ಟಲು ಕಢಿಯ ಮೇಲೆ ನಿಂತಿತು.

"ಸರಿ, ಎಲ್ಲ ಮುಗಿದ ಮೇಲಾದರೂ ಅವರನ್ನು ಯಾಕೆ ನೋಡಲಿಲ್ಲ ನೀವು?"

"ನಿಯಮ," ಎಂದರು ಕೋಕಿಲಾಬೆನ್. "ಒಳಗೆ ಹೋಗಿ ಬಂದವನ ಮನೆಗೆ ಯಾರೂ ಹೋಗಬಾರದು. ಅವನ ಹಿಂದೆ ಕಣ್ಣು ಇರುತ್ತದೆ. ಎದುರಾದರೂ ಗುರುತು ಹಿಡಿಯಬಾರದು. ಅವನಿಗೂ ಒಳ್ಳೆಯದು, ನಮಗೂ ಒಳ್ಳೆಯದು."

"ಅದು ಆಗ. ಆಮೇಲೆ?"

ಆಕೆ ಚಪಾತಿ ತಿರುವುವುದನ್ನು ಮರೆತರು. ತವೆಯಿಂದ ಹೊಗೆ ಬಂತು. ಅಥವಾ ಹೊಗೆಯನ್ನು ನಾನು ಈಗ ಸೇರಿಸುತ್ತಿದ್ದೇನೆ. ಅಂಥ ಮಾತಿಗೆ ಹೊಗೆ ಒಪ್ಪುತ್ತದೆ.

"ಡಬ್ಬಿ ತುಂಬುವುದು ಹೆಂಗಸು ಅಂತ ನನಗೆ ಗೊತ್ತಿತ್ತು," ಎಂದರು, ಬೇರೇನೋ ಹೇಳುವಂತೆ. "ಗುಜರಾತಿ ಅಲ್ಲ ಅಂತಲೂ. ಮೇಲೆ ಖಾಖ್ರಾ ಅಂತ ಬರೆದಿರುತ್ತಿತ್ತು, ಒಳಗಿದ್ದುದು ಖಾಖ್ರಾ ಅಲ್ಲ. ದಪ್ಪ, ಬೂದುಬಣ್ಣ, ಎಳ್ಳು ಅಂಟಿಸಿದ್ದು. ನಾನು ಒಂದನ್ನೂ ಬಿಸಾಡಲಿಲ್ಲ."

ಕಟಕ್ ಜೋಳದ ರೊಟ್ಟಿ! ಗುಜರಾತಿನ ರೈಲಿನಲ್ಲಿ, ಪೊಲೀಸರ ಕಣ್ಣೆದುರು, ಧಾರವಾಡದ ಒಣರೊಟ್ಟಿ ಖಾಖ್ರಾ ಎಂಬ ಹೆಸರಿನಲ್ಲಿ ಓಡಾಡಿತ್ತು.

ಸೂರತ್

ಮುಂದಿನ ಕೊಂಡಿ ಜಯಂತಿಭಾಯ್. ಮಹೇಂದ್ರಭಾಯ್ ಬಹಳ ಹೊತ್ತು ಯೋಚಿಸಿ ಅವರ ಹೆಸರು ಹೇಳಿದರು. ಹೇಳಿದ ಮೇಲೆ ಬಾಗಿಲ ಕಡೆ ನೋಡಿದರು.

ಸೂರತ್ತಿನಲ್ಲಿ ಮೂರು ದ್ವಿಚಕ್ರ ವಾಹನಗಳ ನಡುವೆ ನಾಲ್ಕನೆಯದು ನುಗ್ಗುತ್ತದೆ, ಅದರ ಮೇಲೆ ಸವಾರನಿಗಿಂತ ಎತ್ತರವಾಗಿ ಸೀರೆಯ ಗಂಟು ಇರುತ್ತದೆ. ಅಂಥ ಗಂಟುಗಳಲ್ಲೇ, ಮಡಿಕೆಗಳ ನಡುವೆ, ಜಯಂತಿಭಾಯ್ ಪತ್ರಿಕೆ ಹಂಚುತ್ತಿದ್ದರು. ಈಗ ಅಂಗಡಿ ಮಗನದು. ಮಗ ನಮ್ಮನ್ನು ಮೆಟ್ಟಿಲಲ್ಲೇ ತಡೆದ.

"ಫಿಲ್ಮು ಹಳೆಯ ವಿಷಯದ್ದು ತಾನೆ?"

"ಹಳೆಯದೇ."

"ಈಗಿನದೇನೂ ಬರುವುದಿಲ್ಲವಲ್ಲ?"

"ಇಲ್ಲ."

"ಹಾಗಾದರೆ ಅಪ್ಪ ಎಷ್ಟು ಬೇಕಾದರೂ ಧೈರ್ಯವಾಗಿ ಮಾತಾಡಲಿ," ಎಂದು ಅವನು ಮನಸ್ಸಾರೆ ನಕ್ಕು, ಕುರ್ಚಿ ಹಾಕಿಸಿದ. ಸದ್ಯ, ಕುರ್ಚಿ.

ಜಯಂತಿಭಾಯ್ ತೆಳ್ಳಗಿನ ಮನುಷ್ಯ. ಕ್ಯಾಮೆರಾ ಓಡುತ್ತಿತ್ತು, ಮೈಕು ಓಡುತ್ತಿತ್ತು. ಇದೊಂದು ನನ್ನ ಬಳಿ ಭದ್ರವಾಗಿದೆ. ವಡೋದರಾದ ದಾಳಿಯ ಬಗ್ಗೆ ಕೇಳಿದ ಕೂಡಲೇ ಅವರು ಕೈ ಜೋಡಿಸಿದರು.

"ಅದು ನನ್ನಿಂದ ಬೆನ್. ಆ ವಾರ ಇಲ್ಲಿ ಒಂದೇ ಅಂಗಡಿಯಲ್ಲಿ ಬಹಳ ಕಾಗದ ಕೊಂಡು ಅವರಿಗೆ ಕಳಿಸಿದೆ. ಸೀರೆ ಮಾರುವವನಿಗೆ ಅಷ್ಟು ಬಿಳಿ ಕಾಗದ ಯಾಕೆ? ಯಾರೋ ಲೆಕ್ಕ ಹಾಕಿದರು. ಅದರ ಜಾಡು ಹಿಡಿದು ವಡೋದರಾಕ್ಕೆ ಹೋದರು. ಮಹೇಂದ್ರಭಾಯ್ ಒಳಗೆ ಹೋದರು, ನಾನು ಹೊರಗೆ ಉಳಿದೆ. ಇಷ್ಟು ವರ್ಷ ಆ ಮುಖ ನೋಡುವ ಧೈರ್ಯ ಆಗಿಲ್ಲ."

"ಮಹೇಂದ್ರಭಾಯ್ ಅದು ತಮ್ಮ ಸಂಪಾದಕೀಯದಿಂದ ಎನ್ನುತ್ತಾರೆ."

"ಒಳ್ಳೆಯವರು. ನನ್ನನ್ನು ಉಳಿಸಲು ಹಾಗೆ ಹೇಳುತ್ತಾರೆ."

ಮಹೇಂದ್ರಭಾಯ್ ಯಾರನ್ನೂ ಉಳಿಸಲು ಹಾಗೆ ಹೇಳುತ್ತಿಲ್ಲ ಎಂದು ತಿಳಿಸುವ ಆಸೆಯಾಯಿತು. ಸುಮ್ಮನಾದೆ. ಅಹಮದಾಬಾದಿನ ಪಾರ್ಸೆಲ್‌ನವರ ಹೆಂಡತಿ, ಅದು ತನ್ನ ಗಂಡನಿಂದ ಆದದ್ದು ಎಂದುಕೊಂಡು ಕೂತಿದ್ದಾರೆ ಎಂದು ಮಾತ್ರ ಹೇಳಿದೆ. ಅಂಥವರೊಬ್ಬರು ಇದ್ದರೆಂಬುದೇ ಜಯಂತಿಭಾಯ್‌ಗೆ ಗೊತ್ತಿರಲಿಲ್ಲ. ಗೊತ್ತಿರಬಾರದೆಂಬುದೇ ಏರ್ಪಾಡು.

"ಅವರ ಮನೆಗೆ ಯಾರೂ ಹೋಗಲಿಲ್ಲವೇ?"

"ನಿಯಮವಂತೆ."

"ಹೌದು, ನಿಯಮ ಇತ್ತು," ಎಂದರು. "ಸರ್ಕಾರ ಬಿದ್ದ ಮೇಲೆ ಸೆನ್ಸಾರ್ ತೆಗೆದರು, ಜೈಲಿನ ಬಾಗಿಲು ತೆಗೆದರು. ನಮ್ಮ ನಿಯಮವನ್ನು ಯಾರು ತೆಗೆಯಬೇಕಿತ್ತು ಬೆನ್? ಒಬ್ಬೊಬ್ಬನಿಗೆ ಗೊತ್ತಿದ್ದವರು ಇಬ್ಬರು. ಎಲ್ಲರಿಗೂ ಸೇರಿಸಿ ಹೇಳುವವನು ಇರಲೇ ಇಲ್ಲ."

ನಾಗರಾಜ ಹೆಡ್‌ಫೋನ್ ತೆಗೆದು ಕುತ್ತಿಗೆಗೆ ಹಾಕಿಕೊಂಡ. "ಮುಗಿದದ್ದು ಇವರಿಗೆ ಯಾರೂ ಹೇಳೇ ಇಲ್ಲ ಮೇಡಂ," ಎಂದ.

ಮತ್ತೆ ಸ್ಯಾಟಲೈಟ್

ರೈಲಿನಲ್ಲಿ ಒಂದು ಅಂತ್ಯವನ್ನು ಸಿದ್ಧಮಾಡಿಕೊಂಡೆ. ಚಿತ್ರ ಮಾಡುವವರಿಗೆ ಇದು ಚಟ. ಮಹೇಂದ್ರಭಾಯ್ ತಪ್ಪನ್ನು ಹೆಮ್ಮೆಯಿಂದ ಹೊತ್ತುಕೊಂಡಿದ್ದಾರೆ, ಜಯಂತಿಭಾಯ್ ನಾಚಿಕೆಯಿಂದ ಹೊತ್ತುಕೊಂಡಿದ್ದಾರೆ, ಆದ್ದರಿಂದ ವಾಮನರಾವ್ ಮುಕ್ತ. ಎರಡು ಮುಖ ಅಕ್ಕಪಕ್ಕ ಇಟ್ಟು ಕತ್ತರಿಸಿದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಕಢಿಯ ಮಾತು ದಾಖಲಾಗಿರಲಿಲ್ಲ. ಅದು ತಾನಾಗಿಯೇ ಬಿದ್ದುಹೋಗುತ್ತಿತ್ತು.

ಆದರೆ ಸುಮಿತ್ರಾಬಾಯಿಯ ಎದುರು ಕೂತಾಗ ಕಢಿಯನ್ನೂ ಹೇಳಿಬಿಟ್ಟೆ. ಆಕೆ ಪೂರ್ತಿ ಕೇಳಿದರು.

"ಎರಡ ಸಲ ಹಾಕಿಸ್ಕೊಂಡ್ರಂತೇನು?"

"ಹಾಗೆ ಅವರು ಹೇಳಿದರು. ಗಂಡ ಇಲ್ಲ ಅನ್ನುತ್ತಾರೆ."

"ನಮ್ಮನ್ಯಾಗ ಅವರು ಮಜ್ಜಿಗಿ ಸಾರು ಮುಟ್ಟತಿದ್ದಿಲ್ಲ," ಎಂದು ಶುರು ಮಾಡಿ, ನಿಲ್ಲಿಸಿ, "ಆದ್ರ ಮಂದಿ ಮನ್ಯಾಗ ಗಂಡಸರು ಏನು ಬೇಕಾದ್ರೂ ತಿಂತಾರ," ಎಂದರು. ಆಮೇಲೆ, "ರೊಟ್ಟಿ ಅಂತ ಅವರಿಗೆ ಗೊತ್ತಾಗಿತ್ತೇನು?"

"ಗೊತ್ತಾಗಿತ್ತು. ಇಷ್ಟಪಟ್ಟು ತಿಂದರಂತೆ."

"ಹಂಗಾದ್ರ ಪೊಲೀಸರಿಗೂ ಗೊತ್ತಾಗಿರಬಹುದು." ಎಂದರು. "ಖಾಖ್ರಾ ಮಾಡಲಿಕ್ಕೆ ನನಗ ಬರ್ತಿದ್ದಿಲ್ಲ. ನನ್ನ ರೊಟ್ಟಿಯಿಂದನೂ ಆಗಿರಬಹುದಲ್ಲ ಎಲ್ಲಾ?"

ನಾಲ್ಕನೆಯ ಹಕ್ಕುದಾರರು ನನ್ನೆದುರೇ ತಯಾರಾದರು. ಒಂದೇ ದಾಳಿಯ ತಪ್ಪನ್ನು ಇಷ್ಟು ಮನೆಗಳು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಪೂರ್ತಿ ಪೂರ್ತಿ ಹೊತ್ತಿದ್ದವು.

"ಆ ಸೂರತ್ತಿನವರ ನಂಬರ್ ಅದನೇನು?" ಎಂದು ಕೇಳಿದರು. ನಾನು ಮಾನಸಿಯ ಕಡೆ ನೋಡಿದೆ. ಅವಳೇ ಒತ್ತಿ, ಅಜ್ಜಿಯ ಕಿವಿಗೆ ಹಿಡಿದಳು. ಸುಮಿತ್ರಾಬಾಯಿ ಕ್ಯಾಮೆರಾಕ್ಕೆ ಕೈ ಅಡ್ಡ ಹಿಡಿದರು. ನಾಗರಾಜ ಮೈಕು ಕೆಳಗಿಟ್ಟ. ಆಕೆ ಗುಜರಾತಿಯಲ್ಲಿ ಒಂದು ವಾಕ್ಯ ಹೇಳಿದರು. ಆ ಕಡೆಯಿಂದ ಸಣ್ಣ ದನಿ, ತಡೆದು ತಡೆದು. ಆಕೆ "ಹಾ… ಹಾ…" ಎನ್ನುತ್ತ, ಯಾರದೋ ಮಗುವನ್ನು ಸಮಾಧಾನ ಮಾಡುವವರಂತೆ, ಬರಿಗೈಯಿಂದ ಗಾಳಿಯನ್ನು ತಟ್ಟುತ್ತಿದ್ದರು.

"ಅಜ್ಜಿ ಏನಂದರು?" ಎಂದು ಮಾನಸಿಯನ್ನು ಪಿಸುದನಿಯಲ್ಲಿ ಕೇಳಿದೆ.

ಅವಳು ಕನ್ನಡದ ಪದಗಳನ್ನು ಹುಡುಕಿದಳು. "ಅಜ್ಜಿ ಬೋಲಿದ್ಳು… ನೀವು ಈಗ ನಮ್ಮ ಮನೆ ಬರಬಹುದು."

ಫೋನ್ ಇಟ್ಟ ಮೇಲೆ ಸುಮಿತ್ರಾಬಾಯಿ ನನ್ನನ್ನು ಮೊದಲ ಸಲ ಏಕವಚನದಲ್ಲಿ ಕರೆದರು. "ನೋಡವಾ, ನೀ ನಿನ್ನ ಫಿಲ್ಮಿನಾಗ ಅವರು ಹೇಳಿಲ್ಲ ಅಂತ ಹಾಕಬ್ಯಾಡ. ಹೇಳ್ಯಾರ ಅಂತನೂ ಹಾಕಬ್ಯಾಡ. ಗೊತ್ತಿಲ್ಲ ಅಂತ ಹಾಕು. ಇಷ್ಟು ದಿನ ನಾನೊಬ್ಬಾಕೀನs ಗೊತ್ತಿಲ್ಲದಾಕಿ ಅನ್ಕೊಂಡಿದ್ದೆ."

ಹಾಗೆಯೇ ಹಾಕಿದ್ದೇನೆ. ವಾಮನರಾವ್ ಆ ಹನ್ನೊಂದು ದಿನಗಳಲ್ಲಿ ಏನು ಹೇಳಿದರು, ಏನು ಹೇಳಲಿಲ್ಲ ಎಂಬುದು ನನಗೆ ಗೊತ್ತಿಲ್ಲ. ಆ ಮನೆಗೆ ಅವರು ಹೋಗಿದ್ದರೇ ಎಂಬುದೂ ಗೊತ್ತಿಲ್ಲ. ಜಯಂತಿಭಾಯ್ ಬರುತ್ತೇನೆಂದರೋ, ಬಂದರೋ, ಅದನ್ನು ನಾನು ಕೇಳಿಲ್ಲ.